ಚಕ್ರದಡಿಯ ನಿಂಬೆಹಣ್ಣು

ಸೆಪ್ಟೆಂಬರ್ 14, ಭಾನುವಾರ

ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಇಷ್ಟು ದಿನ ಬಿಸಿ ಪಾತ್ರೆ ಇಡುವುದಕ್ಕೆ ಬಳಕೆಯಾಗುತ್ತಿತ್ತು. ಇವತ್ತು ಯಾರ ಮೇಲಾದರೂ ಕೂಗಾಡಬೇಕು ಅನ್ನಿಸಿತು. ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಇದನ್ನು ತೆರೆದಿದ್ದೇನೆ.

ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಸೊಸೈಟಿಯವರು ನೋಟಿಸ್ ಅಂಟಿಸಿದ್ದಾರೆ. ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗ್ ಇನ್ನು ಮುಂದೆ ಓಡುವ ವಾಹನಗಳಿಗೆ ಮಾತ್ರವಂತೆ. ಆರು ತಿಂಗಳು ಅಲ್ಲಾಡದೆ ನಿಂತ ಗಾಡಿ ಗಾಡಿಯಲ್ಲ, ಸಾಮಾನು. ಸಾಮಾನು ಇಟ್ಟುಕೊಳ್ಳಲು ಪಾರ್ಕಿಂಗ್ ಕೊಡುವುದಿಲ್ಲ. ಮನೆಯಲ್ಲಿ ಲೈಸೆನ್ಸ್ ಇರುವವರು ಒಬ್ಬರಾದರೂ ಇರಬೇಕು. ಅಕ್ಟೋಬರ್ ಕೊನೆಯೊಳಗೆ ಸರಿಪಡಿಸಿಕೊಳ್ಳದಿದ್ದರೆ ಗಾಡಿ ಹೊರಗೆ, ಜಾಗ ವೇಟಿಂಗ್ ಲಿಸ್ಟಿನವರಿಗೆ.

ಯಾರ ಹೆಸರನ್ನೂ ಬರೆದಿಲ್ಲ, ಭಾರೀ ಮರ್ಯಾದಸ್ಥರು! ಇಡೀ ಬಿಲ್ಡಿಂಗಿನಲ್ಲಿ ಅಲ್ಲಾಡದೆ ನಿಂತಿರುವುದು ನಮ್ಮ ನೀಲಿ ಕಾರು ಒಂದೇ ಅನ್ನುವುದು ಬೆಕ್ಕಿನ ಮರಿಗೂ ಗೊತ್ತು. ರಮಾಮಣಿ ಹೋದ ಮೇಲೆ ಅದನ್ನು ಯಾರೂ ಓಡಿಸಿಲ್ಲ. ಕಳೆದ ತಿಂಗಳು ಅವಳ ವರ್ಷಾಬ್ದಿಕವೂ ಮುಗಿಯಿತು. ಕಾರು ನನ್ನ ಹೆಸರಿನಲ್ಲಿದೆ, ಲೈಸೆನ್ಸ್ ಅವಳ ಹೆಸರಿನಲ್ಲಿತ್ತು. ಇನ್ಶೂರೆನ್ಸ್ ಆಫೀಸಿನಲ್ಲಿ ಅಪಘಾತದ ಫೈಲು ನೋಡಿ ನೋಡಿ ನನಗೆ ಸ್ಟೇರಿಂಗ್ ಮುಟ್ಟುವ ಧೈರ್ಯ ಬರಲೇ ಇಲ್ಲ. ಅವಳು ನನಗೆ ಒಂದು ಮಾತೂ ಹೇಳದೆ ಮೋಟಾರ್ ಸ್ಕೂಲಿಗೆ ಹೋಗಿ ಕಲಿತು ಬಂದು, ‘ರೀ, ಇನ್ನು ಕಾರು ತಗೊಳ್ಳಿ’ ಅಂದವಳು.

ಸಾಮಾನಂತೆ, ಸಾಮಾನು!

ಸೆಪ್ಟೆಂಬರ್ 17, ಬುಧವಾರ

ಸೆಕ್ರೆಟರಿ ದೇವಾನಂದನ ಮನೆಗೆ ಹೋಗಿ ಜಗಳ ಆಡಿ ಬಂದೆ. ಬೆಳಗಾವಿ ಕಡೆಯ ಮನುಷ್ಯ, ಇಲ್ಲೇ ಮುಂಬಯಿಯ ದಹಿಸರಿನಲ್ಲಿ ಹುಟ್ಟಿ ಬೆಳೆದವನು. ಬಾಗಿಲಲ್ಲೇ ಕೈ ಮುಗಿದ.

“ನನ್ನ ಮ್ಯಾಲ ಯಾಕ ಸಿಟ್ಟು ಸೀತಾರಾಮ್‌ಜೀ? ಮೀಟಿಂಗಿನಾಗ ಎಲ್ಲಾರೂ ಕೈ ಎತ್ತಿ ಪಾಸ್ ಮಾಡ್ಯಾರ. ನೀವು ಬರ್ಲೇ ಇಲ್ಲ.”

“ನಂಗೆ ಮೀಟಿಂಗ್ ಇರೋದೇ ಗೊತ್ತಿರಲಿಲ್ಲ.”

“ಗ್ರೂಪಿನಾಗ ಹಾಕಿದ್ದೆ.”

“ನಾನು ಗ್ರೂಪಿನಲ್ಲಿ ಇಲ್ಲ.”

“ಮೇಡಂ ಇದ್ರಲ್ಲಾ...” ಅಂದವನು ನಾಲಗೆ ಕಚ್ಚಿಕೊಂಡ.

ನಿಜ. ಈ ಬಿಲ್ಡಿಂಗಿನಲ್ಲಿ ಮಾತಾಡುವ ಕೆಲಸ ಅವಳದಾಗಿತ್ತು. ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಮಗಳಿಗೆ ಪರೀಕ್ಷೆ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ನಾನು ಲಿಫ್ಟಿನಲ್ಲಿ ಮೇಲೆ ನೋಡಿಕೊಂಡು ನಿಲ್ಲುತ್ತಿದ್ದೆ. ನಮಗೆ ಮಕ್ಕಳಿಲ್ಲ, ಆದರೆ ಅವಳಿದ್ದಾಗ ಮನೆಗೆ ಬರುವವರು ಹೋಗುವವರು ಇದ್ದೇ ಇರುತ್ತಿದ್ದರು. ಈಗ ಬಾಗಿಲ ಬೆಲ್ಲು ಹೊಡೆಯುವವನು ಗ್ಯಾಸಿನವನೊಬ್ಬನೇ.

ವೇಟಿಂಗ್ ಲಿಸ್ಟಿನಲ್ಲಿ ಮೊದಲು ಇರುವುದು ಯಾರು ಅಂತ ಕೇಳಿದೆ. ಮೂರನೇ ಮಹಡಿಯ ಅನುರಾಧಾ ಅಂತೆ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಉದ್ದನೆಯ ಹುಡುಗಿ. ಅವಳಿಗೆ ಇನ್ನೂ ಕಾರೇ ಇಲ್ಲ! ಜಾಗ ಸಿಕ್ಕ ಮೇಲೆ ತಗೊಳ್ಳುತ್ತಾಳಂತೆ. ಇರುವ ಕಾರನ್ನು ಹೊರಗೆ ಹಾಕಿ ಇಲ್ಲದ ಕಾರಿಗೆ ಜಾಗ ಕೊಡುವ ರೂಲು ಯಾವ ಬುದ್ಧಿವಂತ ಮಾಡಿದನೋ.

ಸೆಪ್ಟೆಂಬರ್ 23, ಮಂಗಳವಾರ

ದಿನಾ ಮಧ್ಯಾಹ್ನ ನಾಲ್ಕಕ್ಕೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಕೆಳಗೆ ಹೋಗಿ ಕಾರಿನಲ್ಲಿ ಕೂತುಕೊಳ್ಳುತ್ತೇನೆ. ಹುಚ್ಚು ಅಂದರೆ ಹುಚ್ಚೇ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುವುದಕ್ಕೇನು.

ನಾನು ಕೂರುವುದು ಎಡಗಡೆ, ನನ್ನ ಜಾಗದಲ್ಲಿ. ಬಲಗಡೆ ಅವಳ ಸೀಟು. ಅವಳು ಗಿಡ್ಡ. ಕಾಲು ಎಟುಕಲು ಸೀಟನ್ನು ಎಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳೆಂದರೆ ಸ್ಟೇರಿಂಗನ್ನು ಅಪ್ಪಿಕೊಂಡು ಕೂತ ಹಾಗೆ ಕಾಣುತ್ತಿತ್ತು. ನಾನು ನಗುತ್ತಿದ್ದೆ. ಕೊನೆಯ ಸಲ ಅವಳು ಇಳಿದಾಗ ಸೀಟು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಮನೆಯಲ್ಲಿ ಅವಳ ಸೀರೆಗಳನ್ನು ಅವಳ ತಂಗಿ ಬಂದು ಹಂಚಿದಳು. ಔಷಧಿಯ ಡಬ್ಬ ಹೋಯಿತು, ಮಂಚವನ್ನೂ ಗೋಡೆಗೆ ಸರಿಸಿಯಾಯಿತು. ಅವಳು ಬಿಟ್ಟಲ್ಲೇ ಇರುವುದು ಆ ಸೀಟು ಒಂದೇ. ಕಾರು ಹೋಗಲಿ, ಗುಜರಿಗೆ ಹೋಗಲಿ. ಯಾರೋ ಬಂದು ಆ ಸೀಟನ್ನು ಹಿಂದಕ್ಕೆ ತಳ್ಳಿ ಕೂರುತ್ತಾರಲ್ಲ, ಅದನ್ನು ನೆನೆದರೆ ನನಗೆ ಉಸಿರು ಕಟ್ಟುತ್ತದೆ.

ವಾಚ್‌ಮನ್ ಅಣವೀರಪ್ಪ ಇವತ್ತು ಕಿಟಕಿಯ ಹತ್ತಿರ ಬಗ್ಗಿ ನೋಡಿದ. “ಸಾಹೇಬ್ರ, ಗಾಡಿ ಹೊರಗ ತಗೀತೀರೇನ್ರಿ? ಗೇಟ್ ತಗೀಲ್ಯಾ?”

“ಬೇಡಪ್ಪ, ಸುಮ್ನೆ ಕೂತಿದ್ದೀನಿ.”

“ಕುಂದ್ರಿ ಕುಂದ್ರಿ. ಗಾಳಿ ಬರೂದಿಲ್ಲಂತ ಕೇಳ್ದೆ.”

ಸೆಪ್ಟೆಂಬರ್ 28, ಭಾನುವಾರ

ಕಾಫಿಪುಡಿ ಮುಗಿದಿತ್ತು. ಲೋಕಲ್ ಹಿಡಿದು ಮಾಟುಂಗ ರೋಡಿನಲ್ಲಿ ಇಳಿದು, ಬ್ರಿಡ್ಜ್ ಹತ್ತಿ ಆಚೆ ನಡೆದೆ. ಅವಳಿದ್ದಾಗ ಪ್ರತಿ ಭಾನುವಾರ ಕಾರಿನಲ್ಲಿ ಹೋಗುತ್ತಿದ್ದೆವು. ದೇವಸ್ಥಾನ, ಆಮೇಲೆ ಇಡ್ಲಿ, ಆಮೇಲೆ ಕಾಫಿಪುಡಿ, ಕರಿಬೇವು. ದಾರಿಯುದ್ದಕ್ಕೂ ನಾನು ಸಿಗ್ನಲ್ಲು, ಆಟೋ, ಬ್ರೇಕು ಅಂತ ಕೂಗುತ್ತಿದ್ದೆ. ಅವಳು ಕಣ್ಣು ರಸ್ತೆಯಿಂದ ತೆಗೆಯದೆ, ‘ಸುಮ್ನಿರ್ರೀ, ಓಡಿಸ್ತಿರೋಳು ನಾನು’ ಅನ್ನುತ್ತಿದ್ದಳು.

ಅಂಗಡಿಯವನು ಕೇಳಿದ, “ಎಲ್ಲಿ, ಮೇಡಂ ಬರಲಿಲ್ವಾ? ತುಂಬ ದಿನ ಆಯ್ತು.”

“ಊರಿಗೆ ಹೋಗಿದ್ದಾರೆ,” ಅಂದೆ.

ಯಾಕೆ ಹಾಗಂದೆನೋ. ವಾಪಸು ಬರುವಾಗ ಟ್ರೈನಿನಲ್ಲಿ ನಿಂತುಕೊಂಡೇ ಬಂದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಹೋದ ವರ್ಷ ಸೂತಕದ ವರ್ಷ, ಹಬ್ಬ ಇರಲಿಲ್ಲ. ಈ ಸಲ ಮಾಡಿಯೇ ತೀರುತ್ತೇನೆ ಅಂತ ಹಟ ಹಿಡಿದೆ. ಭಕ್ತಿಗಿಂತ ಹೆಚ್ಚಾಗಿ ದೇವಾನಂದನಿಗೆ ತೋರಿಸುವ ಉದ್ದೇಶ, ಸುಳ್ಳು ಯಾಕೆ ಹೇಳಲಿ. ಪೂಜೆ ಮಾಡಿಸಿಕೊಂಡು ಹೂವು ಮುಡಿದು ನಿಂತ ಗಾಡಿಯನ್ನು ಯಾವನು ಸಾಮಾನು ಅನ್ನುತ್ತಾನೆ, ನೋಡೋಣ!

ಸ್ಟೇಷನ್ ಹತ್ತಿರ ಚೆಂಡುಹೂವಿನ ಮಾಲೆ ತಂದೆ. ಧೂಳು ತೊಳೆಯುವಾಗ ಎಡಗಡೆ ಹಿಂಬಾಗಿಲಿನ ಉದ್ದನೆಯ ಗೀರು ಕಣ್ಣಿಗೆ ಬಿತ್ತು. ಅವಳು ರಿವರ್ಸ್ ತೆಗೆಯುವಾಗ ಕಂಬಕ್ಕೆ ಉಜ್ಜಿದ್ದು. ಆಗ ಎಷ್ಟು ದಿನ ಕೂಗಾಡಿದ್ದೆ! ‘ಆಯ್ತು ಬಿಡ್ರೀ, ಕೈ ತಪ್ಪಿತು’ ಅಂತ ಅಷ್ಟೇ ಅಂದಿದ್ದಳು. ಗೀರಿಗೂ ಸ್ವಲ್ಪ ಕುಂಕುಮ ಹಚ್ಚಿದೆ.

ಮಂಗಳಾರತಿ ಮಾಡಿ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆ. ಆಮೇಲೆ ಸುಮ್ಮನೆ ನಿಂತೆ. ಮುಂದಿನ ಕೆಲಸ ಅವಳದು. ಅವಳು ಸೆರಗು ಸಿಕ್ಕಿಸಿ ಕೂತು ಗಾಡಿ ಬಿಟ್ಟರೆ ನಿಂಬೆಹಣ್ಣು ಚಪ್ ಚಪ್ ಅಂತ ಒಡೆಯುತ್ತಿತ್ತು, ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

ಅಣವೀರಪ್ಪ ಪ್ರಸಾದಕ್ಕೆ ಕೈ ಒಡ್ಡಿ ಕಾಯುತ್ತಿದ್ದ. “ಚಾಲೂ ಮಾಡ್ರಿ ಸಾಹೇಬ್ರ, ನಿಂಬಿಹಣ್ಣ ಒಡೀಬೇಕು.”

“ಬ್ಯಾಟರಿ ಸತ್ತುಹೋಗಿದೆ.”

“ಹಂಗಾರ ದೂಡೂಣೇನ್ರಿ? ನಾ ಹಿಂದಿಂದ ದೂಡ್ತೀನಿ.”

“ದೂಡಿ ಒಡೆಸಿದ್ರೆ ಅದೇನು ಪೂಜೆ ಕಣಯ್ಯ? ಇರಲಿ ಬಿಡು.”

ಬಾಳೆಹಣ್ಣು, ತೆಂಗಿನಕಾಯಿ ಚೂರು ಅವನಿಗೆ ಕೊಟ್ಟು ಮೇಲೆ ಬಂದೆ. ಒಬ್ಬನೇ ಊಟ ಮಾಡಿದೆ. ಪಾಯಸ ಮಾಡಬೇಕು ಅಂದುಕೊಂಡಿದ್ದೆ, ಮಾಡಲಿಲ್ಲ.

ಅಕ್ಟೋಬರ್ 7, ಮಂಗಳವಾರ

ನನ್ನ ಕೈಯಾರೆ ನಾನೇ ಸಾಕ್ಷಿ ಇಟ್ಟು ಬಂದಿದ್ದೇನೆ. ದೇವಾನಂದ ಪಾರ್ಕಿಂಗಿನಲ್ಲಿ ನೆಲಕ್ಕೆ ಬಗ್ಗಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಏನೋ ಅಂತ ನೋಡಿದರೆ ನಮ್ಮ ಚಕ್ರದ ಕೆಳಗಿನ ನಿಂಬೆಹಣ್ಣು!

“ನೋಡ್ರಿ, ದಸರಾದಾಗ ಇಟ್ಟದ್ದು ಇನ್ನೂ ಹಂಗ ಐತಿ,” ಅಂದ. “ಗಾಡಿ ಒಂದು ಇಂಚೂ ಅಲ್ಲಾಡಿಲ್ಲ ಅಂತ ಇದಕ್ಕಿಂತ ಪ್ರೂಫ್ ಏನ್ ಬೇಕ್ರಿ? ನಾ ಏನೂ ಸುಳ್ಳು ಹೇಳಾಕತ್ತಿಲ್ಲ.”

ಮೈಯೆಲ್ಲ ಉರಿದುಹೋಯಿತು. ಕಾಲಿನಿಂದ ಒದ್ದು ಆ ನಿಂಬೆಹಣ್ಣುಗಳನ್ನು ಆಚೆ ಹಾಕಬಹುದಿತ್ತು. ಪೂಜೆಯದನ್ನು ಹೇಗೆ ಒದೆಯುವುದು? ಕೈಯಿಂದ ತೆಗೆದರೂ ಸೋಲು ಒಪ್ಪಿಕೊಂಡ ಹಾಗೆ. ಹಾಗೇ ಬಿಟ್ಟು ಬಂದಿದ್ದೇನೆ. ಆಗಲೇ ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿವೆ.

ಅಕ್ಟೋಬರ್ 12, ಭಾನುವಾರ

ಕಮಿಟಿಯವರು ನನ್ನನ್ನು ಕರೆಸಿದ್ದರು. ಟೇಬಲಿನ ಮೇಲೆ ನಿಂಬೆಹಣ್ಣಿನ ಫೋಟೋ ದೊಡ್ಡದು ಮಾಡಿ ಇಟ್ಟಿದ್ದರು, ಕೊಲೆ ಕೇಸಿನಲ್ಲಿ ಇಡುವ ಹಾಗೆ. ಇನ್ಶೂರೆನ್ಸ್ ಕಟ್ಟಿದ್ದೇನೆ, ಟ್ಯಾಕ್ಸ್ ಇದೆ, ಗಾಡಿ ನನ್ನದು, ಮೇಂಟೆನೆನ್ಸ್ ಒಂದು ತಿಂಗಳೂ ತಪ್ಪಿಸಿಲ್ಲ ಅಂತ ಜೋರಾಗಿಯೇ ಹೇಳಿದೆ.

ಒಬ್ಬಾಕೆ ಮೆತ್ತಗೆ ಹಿಂದಿಯಲ್ಲಿ ಕೇಳಿದರು, ಓಡಿಸುವವರು ಯಾರು ಅಂತ.

ನಾನು ತಂದಿದ್ದ ಇನ್ಶೂರೆನ್ಸ್ ಕಾಗದ ಮಡಚತೊಡಗಿದೆ. ಮೂಲೆಯಲ್ಲಿ ಅನುರಾಧಾ ಕೂತಿದ್ದಳು, ನೆಲ ನೋಡುತ್ತಿದ್ದಳು. ಕಾಯುತ್ತಾ ಕೂತಿದ್ದಾಳೆ, ರಣಹದ್ದು ಅಂತ ಮನಸ್ಸಿನಲ್ಲೇ ಬೈದೆ.

ಗಡುವು ಬದಲಾಗುವುದಿಲ್ಲವಂತೆ. ತಿಂಗಳ ಕೊನೆಗೆ ಗಾಡಿಯನ್ನು ಗೇಟಿನಾಚೆ ಎಳೆಸುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿದರೆ ಟೋಯಿಂಗ್‌ನವರು ಕೊಕ್ಕೆ ಹಾಕಿ ಒಯ್ಯುತ್ತಾರೆ.

ಅಕ್ಟೋಬರ್ 14, ಮಂಗಳವಾರ

ಕೆಳಗೆ ಹೋಗಲಿಲ್ಲ. ಯಾರ ಮುಖವೂ ಬೇಡ.

ಅಕ್ಟೋಬರ್ 16, ಗುರುವಾರ

ಹಾಲಿನವನ ಹತ್ತಿರ ಎರಡು ಮಾತಾಡಿದೆ. ಇವತ್ತಿನ ಮಾತು ಅಷ್ಟೇ.

ಅಕ್ಟೋಬರ್ 19, ಭಾನುವಾರ

ಬೆಲ್ಲು ಹೊಡೆಯಿತು. ಬಾಗಿಲು ತೆರೆದರೆ ಅನುರಾಧಾ, ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು. ಚೌಕಟ್ಟಿಗೆ ತಲೆ ತಾಗುತ್ತದೋ ಅನ್ನುವಷ್ಟು ಎತ್ತರ.

“ಜಾಗ ನೋಡೋಕೆ ಬಂದ್ಯೇನಮ್ಮ? ಇನ್ನೂ ಟೈಮಿದೆ,” ಅಂದುಬಿಟ್ಟೆ.

ಅವಳು ಹೋಗಲಿಲ್ಲ. “ಅಂಕಲ್, ನಂಗೆ ಕನ್ನಡ ಪೂರಾ ಬರಲ್ಲ. ಪ್ಲೀಸ್ ಸುನೋ, ಮಧ್ಯದಲ್ಲಿ ಗುಸ್ಸಾ ಮಾಡ್ಬೇಡಿ. ನಂಗೆ ಡ್ರೈವಿಂಗ್ ಕಲಿಸಿದ್ದು ಆಂಟಿ.”

“ಯಾವ ಆಂಟಿ?”

“ರಮಾ ಆಂಟಿ. ಲೈಸೆನ್ಸ್ ಇತ್ತು ನಂದು, ಮಗರ್ ರಿವರ್ಸ್ ಅಂದ್ರೆ ಡರ್. ಮಧ್ಯಾಹ್ನ ನೀವು ಮಲಗಿದ್ಮೇಲೆ ಆಂಟಿ ಕೆಳಗೆ ಬರ್ತಿದ್ರು. ನಾನು ರಿವರ್ಸ್ ಹಾಕ್ತಿದ್ದೆ, ಆಂಟಿ ಹಿಂದೆ ನಿಂತು ‘ಕಂಬ, ಕಂಬ’ ಅಂತಿದ್ರು.” ಒಂದು ಹೆಜ್ಜೆ ಒಳಗೆ ಬಂದಳು. “ಹಿಂಬಾಗಿಲ ಮೇಲೆ ಗೀರು ಇದೆಯಲ್ಲ. ಅದು ಆಂಟಿ ಮಾಡಿದ್ದಲ್ಲ, ನಾನು.”

ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

“ನಾನು ಬಂದು ಸಾರಿ ಹೇಳ್ತೆ ಅಂದೆ. ಆಂಟಿ ಬಿಡಲಿಲ್ಲ. ‘ಅವ್ರಿಗೆ ನನ್ನ ಮೇಲೆ ಕೂಗಿ ಅಭ್ಯಾಸ ಇದೆ, ನಿನ್ನ ಮೇಲೆ ಕೂಗೋಕೆ ಹೋದ್ರೆ ಅವ್ರಿಗೇ ಬಿಪಿ ಏರತ್ತೆ’ ಅಂದ್ರು.”

ರಮಾಮಣಿಯ ಧಾಟಿಯೇ! ನಗು ಬಂತು. ನಗುತ್ತಾ ಇದ್ದ ಹಾಗೇ ಕಣ್ಣಲ್ಲಿ ನೀರು ಬಂತು, ಆ ಹುಡುಗಿಯ ಮುಂದೆ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳು ನಾನು ಗೊರಕೆ ಹೊಡೆಯುವ ಹೊತ್ತಿನಲ್ಲಿ ಏನೇನು ಮಾಡುತ್ತಿದ್ದಳೋ, ಅದು ನನಗೆ ಗೊತ್ತೇ ಇಲ್ಲ. ಇನ್ನು ಕೇಳೋಣವೆಂದರೆ ಅವಳಿಲ್ಲ.

“ಜಾಗ ನಂಗೆ ಬೇಡ ಅಂಕಲ್. ಬ್ಯಾಟರಿ ಹಾಕಿಸೋಣ. ನಾನು ಓಡಿಸ್ತೆ. ಗಾಡಿ ಚಲ್ತೀ ಹೈ ಅಂತ ಅವ್ರು ನೋಡ್ಲಿ.”

ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ. ಹೋದ ಮೇಲೆ ಹೊಳೆಯಿತು.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಹಚ್ಚಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ.

ಸಂಜೆ ಮೂರನೇ ಮಹಡಿಗೆ ಇಳಿದು ಹೋಗಿ ಆಗಲಿ ಅಂದೆ.

ಅಕ್ಟೋಬರ್ 24, ಶುಕ್ರವಾರ

ಅನುರಾಧಾ ಮೆಕ್ಯಾನಿಕನನ್ನು ಕರೆತಂದಳು. ಹೊಸ ಬ್ಯಾಟರಿ ಹಾಕಿ, ಟೈರಿಗೆ ಗಾಳಿ ತುಂಬಿದ. ಸ್ಟಾರ್ಟ್ ಮಾಡಿ ನೋಡಲು ಡ್ರೈವರ್ ಬಾಗಿಲು ತೆರೆದು, ಸೀಟು ಹಿಂದಕ್ಕೆ ತಳ್ಳಿಕೊಳ್ಳಲು ಅದರ ಕೆಳಗೆ ಕೈ ಹಾಕಲು ಹೋದ. ನಾನು, “ಹಾಥ್ ಮತ್ ಲಗಾವ್!” ಅಂತ ಕಿರುಚಿದೆ. ಪಾಪ, ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕೆಲಸ ಅವನು ಬಾಗಿಲ ಹೊರಗೆ ನಿಂತೇ ಮುಗಿಸಿದ.

ಅನುರಾಧಾಗೆ ಮಾತ್ರ ಹೇಳಿದೆ. “ಆ ಸೀಟು ಅವಳು ಎಲ್ಲಿ ಬಿಟ್ಟಿದ್ದಾಳೋ ಅಲ್ಲೇ ಇರಬೇಕಮ್ಮ.”

ಅವಳು ಸೀಟು ನೋಡಿದಳು, ತನ್ನ ಕಾಲು ನೋಡಿಕೊಂಡಳು. “ಓಕೆ ಅಂಕಲ್,” ಅಂದಳು.

ಇಂಜಿನ್ ಸದ್ದು ಕೇಳಿ ಅಣವೀರಪ್ಪ ಓಡಿಬಂದ. ದೇವಾನಂದ ಬಾಲ್ಕನಿಯಿಂದ ಇಣುಕಿದ. ಇವತ್ತು ಗಾಡಿ ತೆಗೆಯುವುದು ಬೇಡ, ಭಾನುವಾರ ತೆಗೆಯೋಣ, ಮಾಟುಂಗಕ್ಕೇ ಹೋಗೋಣ ಅಂದೆ.

ಅಕ್ಟೋಬರ್ 26, ಭಾನುವಾರ

ಬೆಳಿಗ್ಗೆಯೇ ಇಸ್ತ್ರಿ ಶರ್ಟು ಹಾಕಿಕೊಂಡು ಇಳಿದೆ. ಅನುರಾಧಾ ಆ ಸೀಟಿನಲ್ಲಿ ಹೇಗೋ ತೂರಿಕೊಂಡಳು. ಮೊಣಕಾಲು ಎರಡೂ ಸ್ಟೇರಿಂಗಿನ ಎರಡು ಪಕ್ಕ ಎದ್ದು ನಿಂತಿದ್ದವು. ನನಗೆ ಅದು ಕಾಣಲಿಲ್ಲವೇ? ಕಂಡಿತು. ನೋಡದವನ ಹಾಗೆ ಎಡಗಡೆ ಹತ್ತಿ ಬಾಗಿಲು ಹಾಕಿಕೊಂಡೆ.

ಗಾಡಿ ಮುಂದಕ್ಕೆ ಹೋಯಿತು. ನಿಂಬೆಹಣ್ಣು ಚಪ್ ಅನ್ನಲಿಲ್ಲ. ಒಣಗಿ ಹೋಗಿದ್ದವಲ್ಲ, ಕರಕ್ ಅಂತ ಸಣ್ಣಗೆ ಸದ್ದಾಗಿ ಮುರಿದವು. ಗೇಟಿನಲ್ಲಿ ಅಣವೀರಪ್ಪ ಚಪ್ಪಾಳೆ ಹೊಡೆದ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಹೊಗೆ ಪರೀಕ್ಷೆಯ ಸರ್ಟಿಫಿಕೇಟ್ ತಗೊಂಡು ಹೈವೇ ಹತ್ತಿದೆವು. ಹುಡುಗಿ ಚೆನ್ನಾಗಿ ಓಡಿಸುತ್ತಾಳೆ, ರಮಾಮಣಿಯ ಹಾಗೇ ತಿರುವಿಗೆ ಮುಂಚೆ ಒಂದು ಸಣ್ಣ ಹಾರ್ನು. ಆದರೆ ಕ್ಲಚ್ ಒತ್ತಿದಾಗಲೆಲ್ಲ ಅವಳ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಒಂದು ಸಲವೂ ‘ಸ್’ ಅನ್ನಲಿಲ್ಲ. ಕಲಾನಗರದ ಸಿಗ್ನಲ್ಲಿನಲ್ಲಿ ನಿಂತಾಗ ಮೆಲ್ಲಗೆ ಮೊಣಕಾಲು ಉಜ್ಜಿಕೊಂಡಳು, ನಾನು ಆಚೆ ನೋಡುತ್ತಿದ್ದೇನೆ ಅಂದುಕೊಂಡು.

ನನಗೆ ನಾಚಿಕೆಯಾಯಿತು.

“ಸೀಟು ಹಿಂದಕ್ಕೆ ಹಾಕ್ಕೋಮ್ಮ,” ಅಂದೆ.

“ಬೇಡ ಅಂಕಲ್. ಚಲ್ತಾ ಹೈ.”

“ಚಲ್ತಾ ಹೈ ಅಂದ್ರೆ ಆಗಲ್ಲ. ಕಾಲು ಸಿಕ್ಕಿಹಾಕ್ಕೊಂಡ್ರೆ ಬ್ರೇಕ್ ಹೇಗೆ ಹಾಕ್ತೀಯ? ಇಂಥ ಫೈಲು ಎಷ್ಟು ನೋಡಿದ್ದೀನಿ ನಾನು!”

ಅವಳು ನನ್ನ ಮುಖ ನೋಡಿದಳು. ಬಗ್ಗಿ ಲಿವರ್ ಎಳೆದಳು, ಬರಲಿಲ್ಲ. ಇಷ್ಟು ದಿನ ಯಾರೂ ಮುಟ್ಟದೆ ಬಿಗಿದು ಹೋಗಿತ್ತು. ನಾನೇ ಬೆಲ್ಟ್ ಬಿಚ್ಚಿ, ಅತ್ತ ವಾಲಿ, ಸೀಟಿನ ಕೆಳಗೆ ಕೈ ಹಾಕಿ ಜೋರಾಗಿ ಎಳೆದೆ. ಕಟಕ್ ಅಂತು. ಸೀಟು ಹಿಂದಕ್ಕೆ ಸರಿಯಿತು. ಅವಳು ಉಸಿರು ಬಿಟ್ಟು ಕಾಲು ಚಾಚಿದಳು.

ಅಷ್ಟರಲ್ಲಿ ಹಿಂದಿನಿಂದ ಹಾರ್ನು ಶುರುವಾಯಿತು. “ಗ್ರೀನು, ಗ್ರೀನು ಬಿತ್ತು! ಆಟೋ ನೋಡ್ಕೋ! ಎಡಗಡೆ!” ಅಂತ ನಾನು ಕೂಗಿದೆ.

“ಸುಮ್ನಿರ್ರೀ, ಓಡಿಸ್ತಿರೋಳು ನಾನು,” ಅಂದಳು.

ಅಂದವಳು ತಾನೇ ಬೆಚ್ಚಿ, “ಸಾರಿ ಅಂಕಲ್! ಆಂಟಿ ಹಮೇಶಾ ಹೇಳ್ತಿದ್ರು. ‘ಅಂಕಲ್ ಪಕ್ಕದಲ್ಲಿ ಕೂತ್ರೆ ಹೀಗನ್ಬೇಕು’ ಅಂತ ನಂಗೂ ಕಲಿಸಿದ್ರು,” ಅಂದಳು. ಹುಡುಗಿಗೆ ಎರಡು ವಾಕ್ಯ ಸರಿಯಾಗಿ ಕನ್ನಡ ಬರುವುದಿಲ್ಲ. ಆ ಒಂದು ಮಾತು ಮಾತ್ರ ಒಂದಕ್ಷರ ಆಚೀಚೆ ಇಲ್ಲದೆ ನಮ್ಮ ಮೈಸೂರಿನ ಕನ್ನಡ.

ಸಾಯನ್ ಬರುವವರೆಗೆ ಕಿಟಕಿಯ ಕಡೆ ತಿರುಗಿ ಅತ್ತೆ. ಅವಳು ರಸ್ತೆ ನೋಡಿಕೊಂಡು ಓಡಿಸಿದಳು.

ಕಾಫಿಪುಡಿಯ ಅಂಗಡಿಯವನು ಮತ್ತೆ ಕೇಳಿದ, ಮೇಡಂ ಊರಿಂದ ಬಂದ್ರಾ ಅಂತ. ಇಲ್ಲ, ಅವಳು ಹೋಗಿಬಿಟ್ಟಳು, ವರ್ಷದ ಮೇಲಾಯಿತು ಅಂದೆ. ಅವನು ಗಲ್ಲಾದಿಂದ ಎದ್ದು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡ.

ಅಕ್ಟೋಬರ್ 30, ಗುರುವಾರ

ದೇವಾನಂದನಿಗೆ ಹೇಳಿ ಬಂದೆ. ಗಾಡಿ ಅನುರಾಧಾ ಹೆಸರಿಗೆ, ಜಾಗವೂ ಅವಳಿಗೆ. ಅವಳು ಬೇಡ ಬೇಡ ಅಂದಳು. ಹಾಗಾದರೆ ಭಾನುವಾರ ಮಾಟುಂಗಕ್ಕೆ ಕರೆದುಕೊಂಡು ಹೋಗುವ ಕೆಲಸ ನಿನ್ನದು ಅಂದೆ, ಒಪ್ಪಿದಳು. ದೇವಾನಂದ ಚಹಾ ಕುಡಿಯದೆ ಬಿಡಲಿಲ್ಲ. ನನ್ನ ನಂಬರನ್ನೂ ಗ್ರೂಪಿಗೆ ಸೇರಿಸಿದ. ಆಗಿನಿಂದ ಫೋನು ಟಿಣ್ ಟಿಣ್ ಅನ್ನುತ್ತಲೇ ಇದೆ, ನೀರು ಬರುವುದಿಲ್ಲವಂತೆ, ಯಾರದೋ ಬೆಕ್ಕು ಕಳೆದಿದೆಯಂತೆ. ತಲೆನೋವು.

ನಾಲ್ಕಕ್ಕೆ ಅಭ್ಯಾಸಬಲದಿಂದ ಫ್ಲಾಸ್ಕ್ ಹಿಡಿದು ಕೆಳಗಿಳಿದೆ. ಜಾಗ ಖಾಲಿ. ಗಾಡಿ ಡ್ಯೂಟಿಗೆ ಹೋಗಿದೆ. ನೆಲದ ಮೇಲೆ ನಾಲ್ಕು ಕಡೆ ನಿಂಬೆಹಣ್ಣಿನ ಒಣ ಸಿಪ್ಪೆ. ಗುಡಿಸುವ ಹನುಮವ್ವ ಪೊರಕೆ ಹಿಡಿದು ಕಾಯುತ್ತಿದ್ದಳು. “ಯಪ್ಪಾ, ಪೂಜೀದು ಅಂತ ಮುಟ್ಟಿಲ್ರಿ. ತಗದ ಬಿಡ್ಲೇನ್ರಿ?”

ತೆಗಿ ಅಂದೆ. ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವಳಿಗೂ ಅಣವೀರಪ್ಪನಿಗೂ ಹಂಚಿ ಮೇಲೆ ಬಂದೆ.

ಅನುರಾಧಾ ಆರೂವರೆಗೆ ಬರುತ್ತಾಳೆ. ಸಾಕು, ಇಲ್ಲಿಗೆ ನಿಲ್ಲಿಸುತ್ತೇನೆ. ರಿವರ್ಸ್ ಹಾಕುವಾಗ ಹಿಂದೆ ನಿಂತು ‘ಕಂಬ, ಕಂಬ’ ಅನ್ನುವುದಕ್ಕೆ ಯಾರಾದರೂ ಬೇಕಲ್ಲ.